ಬುದ್ಧಿ ಹೇಳಲು ಯಾವ ದಾರಿ: ಮಸ್ಕಿಯದೋ, ನಿಟ್ಟೂರಿನದೋ?

ಮಗನಿಗೆ ಬುದ್ಧಿ ಹೇಳಬೇಕು, ಆದರೆ ಕೊರೆತ ಅನಿಸಬಾರದು ಅಲ್ವಾ? ನಮ್ಮ ಕಡೆಯ ಎರಡು ಅಶೋಕ ಶಾಸನ ನೋಡಿ.

ರಾಯಚೂರು ಜಿಲ್ಲೆಯ ಮಸ್ಕಿಯದು 1915ರಲ್ಲಿ ಸಿಕ್ಕಿದ್ದು. ಅಲ್ಲಿ ಅಶೋಕ ಮೊದಲು ತನ್ನ ವಿಷಯವನ್ನೇ ಹೇಳುತ್ತಾನೆ: ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ದಾಟಿತು, ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಶ್ರದ್ಧೆಯಿಂದ ನಡೆದೆ ಎಂದು. ಆಮೇಲೆ, ದೊಡ್ಡವರಿಗಷ್ಟೇ ಅಲ್ಲ, ಧರ್ಮದಿಂದ ನಡೆದರೆ ಸಾಮಾನ್ಯರಿಗೂ ಇದು ಸಾಧ್ಯ ಅನ್ನುತ್ತಾನೆ. ಇಷ್ಟು ಆತ್ಮೀಯವಾಗಿ ಮಾತಾಡಿದರೆ ಕೇಳುವವನಿಗೆ ಅವಮಾನ ಆಗುವುದಿಲ್ಲ. ನನಗೆ ಇದೇ ಇಷ್ಟ.

ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲಿ ನೇರ ಅಪ್ಪಣೆಯೂ ಇದೆ. ತಂದೆತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು.

ಚಿಕ್ಕ ಮಕ್ಕಳಿಗೆ ನಿಟ್ಟೂರಿನ ದಾರಿ ಸಾಕು. ಕಾಲೇಜು ಹುಡುಗನಿಗೆ ಅಪ್ಪಣೆ ಜಾಸ್ತಿಯಾದರೆ ಸುಮ್ನೆ ಎದ್ದು ಹೋಗುತ್ತಾನೆ. ಅವನ ಹತ್ತಿರ ನಿಮ್ಮ ಅನುಭವದಿಂದಲೇ ಶುರು ಮಾಡಿ.