ಸೈಜ್ ಒಂದೇ ಅಂತ ನಂಬಿ ಲಾರಿಗೆ ಟೈರು ಹಾಕಿಸಬೇಡಿ

ಲಾರಿ ಇಟ್ಟುಕೊಂಡವರು, ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನ ಲಾರಿಯ ಹಿಂದಿನ ಜೋಡಿಯಲ್ಲಿ ಹೊರಗಿನ ಟೈರು ಸವೆದಿತ್ತು. ಅಂಗಡಿಯಲ್ಲಿ ಅದೇ ಸೈಜಿನ ಎರಡು ಟೈರು ಕಡಿಮೆ ಬೆಲೆಗೆ ಸಿಕ್ಕವು. 10.00 ಆರ್ 20. ಓಡಿಸಿರದ ಟೈರು, ಗ್ರಿಪ್ ಆಳವಾಗಿತ್ತು. "ಸೈಜ್ ಅದೇ ಅಲ್ವಾ, ಧೈರ್ಯವಾಗಿ ಹಾಕಿಸಿ" ಅಂದರು. ಒಂದನ್ನು ಹಾಕಿಸಿದೆ, ಇನ್ನೊಂದನ್ನು ಸ್ಟೆಪ್ನಿಗೆ ಇಟ್ಟುಕೊಂಡೆ.

ಮೂರನೇ ಟ್ರಿಪ್ಪು. ಫುಲ್ ಲೋಡು, ಸುಡುವ ಮಧ್ಯಾಹ್ನ. ಬಾಂಬ್ ಬಿದ್ದ ಹಾಗೆ ಸದ್ದಾಯಿತು, ಲಾರಿಯ ಹಿಂಭಾಗ ಒಂದು ಕಡೆ ಎಳೆಯಿತು. ಬ್ರೇಕ್ ಒತ್ತಲಿಲ್ಲ. ಸ್ಟೇರಿಂಗ್ ಗಟ್ಟಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟೆ. ಕಿತ್ತ ರಬ್ಬರು ಮಡ್‌ಗಾರ್ಡನ್ನು ಹರಿದುಹಾಕಿತ್ತು. ಹಿಂದೆ ಬರುತ್ತಿದ್ದ ಬೈಕಿನಲ್ಲಿ ಒಂದು ಮಗು ಇತ್ತು. ಅವರು ದೂರದಲ್ಲಿದ್ದರು, ಅದಕ್ಕೇ ಉಳಿದರು. ಆ ಮಗುವಿನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಕೂತು ಟೈರಿನ ಪಕ್ಕೆಯ ಮೇಲಿನ ಬರಹ ಓದಿದೆ. ಕೊಳ್ಳುವಾಗಲೇ ಓದಬೇಕಿತ್ತು. ಹಳೇ ಟೈರಿನಲ್ಲಿ 149/146 ಅಂತಿತ್ತು, ಹೊಸದರಲ್ಲಿ 146/143. ಇದು ಭಾರ ಹೊರುವ ಶಕ್ತಿಯ ಗುರುತು. ಮೊದಲ ಅಂಕೆ ಒಂಟಿ ಟೈರಿಗೆ, ಎರಡನೆಯದು ಜೋಡಿಗೆ. ಜೋಡಿಯಲ್ಲಿ 146 ಅಂದರೆ ಒಂದು ಟೈರು 3000 ಕೆಜಿ ಹೊರಬಹುದು, 143 ಅಂದರೆ 2725 ಕೆಜಿ. ಒಂದು ಟೈರಿಗೇ 275 ಕೆಜಿ ಕಡಿಮೆ! ಹಿಂದಿನ ಆಕ್ಸಲ್‌ನ ನಾಲ್ಕೂ ಟೈರು ಹೀಗೇ ಹಾಕಿಸಿದ್ದರೆ 1100 ಕೆಜಿ. ಅದೂ ಗಾಳಿ ಸರಿಯಾಗಿದ್ದರೆ ಮಾತ್ರ ಈ ಲೆಕ್ಕ. ಗಾಳಿ ಕಡಿಮೆಯಾದರೆ ಪಕ್ಕೆ ಜಾಸ್ತಿ ಮಡಚುತ್ತದೆ, ಒಳಗೆ ಬಿಸಿ ಏರುತ್ತದೆ. ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಿರಿ.

ಇನ್ನೊಂದು ತಪ್ಪೂ ಮಾಡಿದ್ದೆ. ಒಳಗಿನ ಟೈರು ಅರ್ಧ ಸವೆದಿತ್ತು, ಹೊರಗಿನದು ಹೊಸ ಗ್ರಿಪ್ಪಿನದು. ಅಂದರೆ ಹೊರಗಿನದೇ ಎತ್ತರ. ಜೋಡಿಯಲ್ಲಿ ಎತ್ತರ ಇರುವ ಟೈರಿನ ಮೇಲೇ ಹೆಚ್ಚು ಭಾರ ಬೀಳುತ್ತದೆ. ಶಕ್ತಿ ಕಡಿಮೆ ಇದ್ದದ್ದಕ್ಕೇ ನಾನು ಜಾಸ್ತಿ ಹೊರಿಸಿದ್ದೆ. ಜೋಡಿಗೆ ಹಾಕುವ ಎರಡೂ ಟೈರಿನ ಎತ್ತರ ಹೊಂದಬೇಕು. ನೈಲಾನ್, ರೇಡಿಯಲ್ ಅಂತ ಎರಡು ಬಗೆಯ ಟೈರು ಬರುತ್ತವೆ, ಅವೆರಡನ್ನೂ ಒಂದೇ ಆಕ್ಸಲ್‌ಗೆ ಬೆರೆಸಲೇಬೇಡಿ.

ವಯಸ್ಸನ್ನೂ ನೋಡಿರಲಿಲ್ಲ. ಪಕ್ಕೆಯ ಮೇಲೆ ನಾಲ್ಕು ಅಂಕೆ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು. ನಾನು ಕೊಂಡ ಟೈರು ತಯಾರಾಗಿ ಏಳು ವರ್ಷವಾಗಿತ್ತು. ಬಿಸಿಲಿಗೆ ಬಿದ್ದಿದ್ದ ರಬ್ಬರು ಗಟ್ಟಿಯಾಗಿ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಗ್ರಿಪ್ ನೋಡಿ ಮೋಸ ಹೋದೆ.

ಈಗ ಮಾಡುವುದು ಇಷ್ಟು. ಲೋಡಾದ ಲಾರಿಯ ಹಿಂದಿನ ಆಕ್ಸಲ್ ಅನ್ನು ಮಾತ್ರ ವೇಬ್ರಿಡ್ಜ್ ಮೇಲೆ ತೂಗಿಸುತ್ತೇನೆ. ಬಂದದ್ದನ್ನು ನಾಲ್ಕರಿಂದ ಭಾಗಿಸಿ, ಟೈರಿನ ಎರಡನೇ ಅಂಕೆ ಎಷ್ಟು ಕೆಜಿಯ ಗುರುತೋ ಅದರ ಜೊತೆ ಹೋಲಿಸುತ್ತೇನೆ. ಟೈರು ಕೊಳ್ಳುವಾಗ ಅಂಗಡಿಯವರು ಅವಸರ ಮಾಡಿದರೂ ಪಕ್ಕೆಯ ಬರಹ ಓದದೆ ಬಿಡುವುದಿಲ್ಲ.

ಅಂದಹಾಗೆ, ಒಂದು ಟೈರು ಸಿಡಿದರೆ ಅದರ ಜೋಡಿಯನ್ನೂ ಬಿಚ್ಚಿಸಿ ಒಳಗೆ ನೋಡಿಸಿ. ನಿಲ್ಲುವವರೆಗೆ ಎರಡರ ಭಾರವನ್ನೂ ಅದೇ ಹೊತ್ತಿರುತ್ತದೆ. ನನ್ನದರ ಒಳಪದರ ಸುಕ್ಕಾಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ.

ಸ್ಟೆಪ್ನಿಗೆ ಇಟ್ಟಿದ್ದ ಟೈರನ್ನು ಕೊಡ್ತೀರಾ ಅಂತ ಒಬ್ಬರು ಕೇಳಿದರು. ಕೊಡಲಿಲ್ಲ. ಯಾರೂ ಮತ್ತೆ ಹಾಕದ ಹಾಗೆ ಅದರ ಪಕ್ಕೆ ಕೊಯ್ದು ಗುಜರಿಗೆ ಹಾಕಿದೆ.