ಪ್ರವಾಹದ ಜಾಡಿನಲ್ಲಿ ಕಡಲಜೀವಿಗಳನ್ನು ಹುಡುಕಲು ಕೋಪರ್ನಿಕಸ್ ಮರೀನ್ ಎಷ್ಟು ಉಪಯುಕ್ತ?

ಸಾಗರ ಪ್ರವಾಹ ದಾರಿ ಬದಲಿಸಿದಾಗ ಮೀನು, ಏಡಿ, ತಿಮಿಂಗಿಲಗಳು ಎತ್ತ ಸರಿದವು ಎಂದು ತಿಳಿಯಬೇಕಾದರೆ ಮೊದಲು ನೀರಿನ ಲೆಕ್ಕ ಕೈಯಲ್ಲಿರಬೇಕು. ಯಾವ ದಿನ, ಎಷ್ಟು ಆಳದಲ್ಲಿ, ಎಷ್ಟು ವೇಗವಾಗಿ ಹರಿಯಿತು, ಎಷ್ಟು ಬೆಚ್ಚಗಿತ್ತು, ಎಷ್ಟು ಉಪ್ಪಿತ್ತು? ಇಡೀ ಭೂಗೋಳಕ್ಕೆ ಈ ಲೆಕ್ಕವನ್ನು ಉಚಿತವಾಗಿ ಕೊಡುವ ಸೇವೆಗಳಲ್ಲಿ ಕೋಪರ್ನಿಕಸ್ ಮರೀನ್ ಪ್ರಮುಖವಾದದ್ದು. ಐರೋಪ್ಯ ಒಕ್ಕೂಟದ ಪರವಾಗಿ ಇದನ್ನು 2015ರಿಂದ ನಡೆಸುತ್ತಿರುವುದು ಫ್ರಾನ್ಸಿನ ತುಲೂಸ್‌ನಲ್ಲಿರುವ ಮರ್ಕೇಟರ್ ಓಷನ್ ಇಂಟರ್‌ನ್ಯಾಷನಲ್. ಹೆಸರು ನೋಂದಾಯಿಸಿದರೆ ಸಾಕು, ದತ್ತಾಂಶವೆಲ್ಲ ತೆರೆದಿರುತ್ತದೆ.

ನೀರಿನ ಮಟ್ಟಿಗೆ ಈ ಸೇವೆ ಬಹಳ ಒಳ್ಳೆಯದು. ಜೀವಿಗಳ ಮಟ್ಟಿಗೆ, ಬಳಸುವವರು ನೀರಿನಾಳದ ಸರಿಯಾದ ಪದರವನ್ನು ಆರಿಸಿದಷ್ಟು ಒಳ್ಳೆಯದು. ಹೆಚ್ಚಿನ ತಪ್ಪುಗಳು ಹುಟ್ಟುವುದು ಆ ಆಯ್ಕೆಯಲ್ಲೇ.

ಬ್ರೌಸರ್‌ನಲ್ಲೇ ತೆರೆಯುವ ಮೈಓಷನ್ ವೀಕ್ಷಕದಲ್ಲಿ ಗಲ್ಫ್ ಸ್ಟ್ರೀಮ್ ಹೊಸೆದುಕೊಂಡು ಸಾಗುವುದನ್ನು, ದಕ್ಷಿಣ ಆಫ್ರಿಕಾದ ಬಳಿಯ ಅಗುಲ್ಹಾಸ್ ಪ್ರವಾಹದಿಂದ ಸುಳಿಗಳು ಕಳಚಿ ಅಟ್ಲಾಂಟಿಕ್ ಕಡೆಗೆ ಹೊರಡುವುದನ್ನು ನೋಡಬಹುದು. ವಿಷಯ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಆದರೆ ಸುಮ್ಮನೆ ನೋಡುತ್ತ ಕೂತರೆ ಕಣ್ಣು ಮೇಲ್ಮೈ ನೀರಿಗೇ ಅಂಟಿಕೊಳ್ಳುತ್ತದೆ. ಬಹಳಷ್ಟು ಜೀವಿಗಳ ಹಣೆಬರಹ ನಿರ್ಧಾರವಾಗುವುದು ಕೆಳಗೆ.

ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲವನ್ನೇ ನೋಡಿ. ಅದರ ಮುಖ್ಯ ಆಹಾರ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ಅಕ್ಕಿಕಾಳಿನಷ್ಟು ಗಾತ್ರದ ಕೋಪೆಪಾಡ್, ಅಂದರೆ ಸಿಗಡಿಯ ದೂರದ ಬಳಗದ ಪುಟ್ಟ ಜೀವಿ. ಇದು ವರ್ಷದ ಒಂದು ಭಾಗವನ್ನು ಆಳದ ತಣ್ಣೀರಿನಲ್ಲಿ ಸುಪ್ತವಾಗಿ ಕಳೆಯುತ್ತದೆ. 2010ರ ಆಸುಪಾಸಿನಿಂದ ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ಕೊಲ್ಲಿಯ ಆಳಕ್ಕೆ ಲ್ಯಾಬ್ರಡಾರ್ ಮೂಲದ ತಣ್ಣೀರು ಬರುವುದು ಕಡಿಮೆಯಾಗಿ ಗಲ್ಫ್ ಸ್ಟ್ರೀಮ್ ಕಡೆಯ ಬೆಚ್ಚನೆಯ, ಹೆಚ್ಚು ಉಪ್ಪಿನ ನೀರು ತುಂಬಿತು. ಅಲ್ಲಿ ಕೋಪೆಪಾಡ್ ಕುಗ್ಗಿತು, ತಿಮಿಂಗಿಲಗಳು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯತ್ತ ಹೊರಳಿದವು. ಹಡಗು ಸಂಚಾರಕ್ಕೂ ಬಲೆಹಗ್ಗಗಳಿಗೂ ಅಲ್ಲಿ ಅವುಗಳಿಗಾಗಿ ಯಾವ ಕಟ್ಟುಪಾಡೂ ಸಿದ್ಧವಿರಲಿಲ್ಲ. 2017ರಲ್ಲಿ ಕೆನಡಾದ ನೀರಿನಲ್ಲೇ 12 ತಿಮಿಂಗಿಲಗಳು ಸತ್ತವು.

ಈ ಕಥೆಯನ್ನು ಮೇಲ್ಮೈ ನಕ್ಷೆಯಲ್ಲಿ ಹುಡುಕಿದರೆ ಅರ್ಧವೂ ಸಿಗದು. ಮೇನ್ ಕೊಲ್ಲಿಗೆ ಆಳದ ನೀರು ನುಗ್ಗುವುದು ನಾರ್ತ್ ಈಸ್ಟ್ ಚಾನೆಲ್ ಎಂಬ ಕಡಲತಳದ ಕಣಿವೆಯ ಮೂಲಕ, ಅದರ ಹೊಸ್ತಿಲು ಸುಮಾರು 230 ಮೀಟರ್ ಆಳದಲ್ಲಿದೆ. ಆದ್ದರಿಂದ 150ರಿಂದ 220 ಮೀಟರ್ ನಡುವಿನ ಪದರಗಳನ್ನು ತೆಗೆದು, ಉಷ್ಣತೆ ಮತ್ತು ಲವಣಾಂಶವನ್ನು ಒಟ್ಟಿಗೆ ನೋಡಬೇಕು. ಉಷ್ಣತೆ ಒಂದನ್ನೇ ನೋಡಿದರೆ ನೀರು ನಿಂತಲ್ಲೇ ಕಾದದ್ದೋ ಬೇರೆಡೆಯಿಂದ ಬಂದದ್ದೋ ಗೊತ್ತಾಗದು. ಉಷ್ಣತೆಯ ಜೊತೆಗೆ ಲವಣಾಂಶವೂ ಏರಿದ್ದರೆ ನೀರಿನ ಮೂಲವೇ ಬದಲಾಗಿದೆ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಇಂಥ ಪ್ರಶ್ನೆಗೆ ಉತ್ತರಿಸುವಾಗಲೇ ಈ ಸೇವೆಯ ನಿಜವಾದ ಬೆಲೆ ತಿಳಿಯುವುದು.

ಅದಕ್ಕೆ ಬೇಕಾದ ಸರಕು ಗ್ಲೋರಿಸ್12 ಎಂಬ ಮರುವಿಶ್ಲೇಷಣೆ, ಅಂದರೆ ಹಿಂದಿನ ಅಳತೆಗಳನ್ನು ಕಂಪ್ಯೂಟರ್ ಮಾದರಿಯೊಂದಿಗೆ ಬೆಸೆದು ಕಟ್ಟಿದ ಕಡಲ ಲೆಕ್ಕ. 1993ರಿಂದ ಮುಂದಕ್ಕೆ, ದಿನಕ್ಕೊಂದು ಸರಾಸರಿ. ಕಡಲನ್ನು ಹಂಚಿದ ಪ್ರತಿ ಚೌಕದ ಅಳತೆ ಡಿಗ್ರಿಯ ಹನ್ನೆರಡನೇ ಒಂದು ಭಾಗ, ಅಂದರೆ ಸಮಭಾಜಕದಲ್ಲಿ ಸುಮಾರು 9 ಕಿಲೋಮೀಟರ್. ಆಳಕ್ಕೆ 50 ಪದರ, ಅದರಲ್ಲಿ 22 ಪದರಗಳು ಮೇಲಿನ 100 ಮೀಟರಿನಲ್ಲೇ ಇವೆ. ಕಡಲಮಟ್ಟ ಅಳೆಯುವ ಉಪಗ್ರಹಗಳ ನಿಖರ ಮಾಪನ ಟೋಪೆಕ್ಸ್/ಪೊಸೈಡಾನ್‌ನೊಂದಿಗೆ 1992ರಲ್ಲಿ ಶುರುವಾದ್ದರಿಂದ ಈ ಲೆಕ್ಕ 1993ಕ್ಕಿಂತ ಹಿಂದೆ ಹೋಗುವುದಿಲ್ಲ. ಇದೇ ಚೌಕದಳತೆಯಲ್ಲಿ 10 ದಿನಗಳ ಮುನ್ಸೂಚನೆಯೂ ಸಿಗುತ್ತದೆ. ದಯವಿಟ್ಟು ಎರಡನ್ನೂ ಹೊಲಿದು ಒಂದೇ ಕಾಲಸರಣಿ ಮಾಡಬೇಡಿ. ಮುನ್ಸೂಚನೆಯ ಮಾದರಿ ಆಗಾಗ ಪರಿಷ್ಕಾರಗೊಳ್ಳುತ್ತದೆ. ಜೋಡಣೆಯ ಜಾಗದಲ್ಲಿ ಕಾಣುವ ನೆಗೆತ ಸಮುದ್ರದ್ದಲ್ಲ, ಮಾದರಿಯದು. ಪ್ರಭೇದವೊಂದು ದಶಕಗಳಲ್ಲಿ ಎಷ್ಟು ಸರಿಯಿತು ಎಂಬ ಲೆಕ್ಕಕ್ಕೆ ಮರುವಿಶ್ಲೇಷಣೆ ಮಾತ್ರ.

ಇಳಿಸಿಕೊಳ್ಳಲು ಪೈಥಾನ್ ಟೂಲ್‌ಬಾಕ್ಸ್ ಇದೆ. ಲಾಗಿನ್ ಆದಮೇಲೆ ಸಬ್‌ಸೆಟ್ ಆದೇಶಕ್ಕೆ ಪ್ರದೇಶ, ದಿನಾಂಕ, ಆಳ, ಚರಗಳನ್ನು (ಉಷ್ಣತೆ, ಲವಣಾಂಶದಂಥವು) ಕೊಟ್ಟರೆ ಅಷ್ಟನ್ನೇ ಕತ್ತರಿಸಿ ಕೊಡುತ್ತದೆ. ಎಲ್ಲವನ್ನೂ ಒಮ್ಮೆಗೇ ಕೇಳುವ ಆಸೆ ಬೇಡ. 10 ಡಿಗ್ರಿ ಉದ್ದಗಲದ ಪ್ರದೇಶ, 50 ಪದರ, 365 ದಿನ, ನಾಲ್ಕು ಚರ ಎಂದರೆ ಸುಮಾರು 105 ಕೋಟಿ ಸಂಖ್ಯೆಗಳು. ಸಂಖ್ಯೆಗೆ 4 ಬೈಟ್ ಹಿಡಿದರೆ 4.2 ಗಿಗಾಬೈಟ್. ಒಂದೇ ಪದರ ಸಾಕಾದರೆ ಅದು 84 ಮೆಗಾಬೈಟಿಗೆ ಇಳಿಯುತ್ತದೆ. ಮೊದಲ ಪದರ ಇರುವುದು 0.49 ಮೀಟರಿನಲ್ಲಿ, ಸೊನ್ನೆಯಲ್ಲಲ್ಲ. ಹಾಗಾಗಿ ಮೇಲ್ಮೈ ಬೇಕೆಂದರೆ 0ರಿಂದ 1 ಮೀಟರ್ ಎಂದು ಕೇಳಿ. ತಳವಾಸಿ ಜೀವಿಗಳಿಗೆ ತಳದ ಉಷ್ಣತೆ ಪ್ರತ್ಯೇಕ ಚರವಾಗಿಯೇ ಸಿಗುತ್ತದೆ, ಅದಕ್ಕಾಗಿ 50 ಪದರ ಹೊರಬೇಕಿಲ್ಲ. ಇನ್ನು ಪ್ರವಾಹದ ದಿಕ್ಕೆಂದರೆ ನೀರು ಹೋಗುವ ಕಡೆ, ಗಾಳಿಯ ದಿಕ್ಕೆಂದರೆ ಅದು ಬರುವ ಕಡೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕುವವರು ಇಲ್ಲಿ ಎಡವುತ್ತಾರೆ.

ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ಉತ್ತರ ಹಿಂದೂ ಮಹಾಸಾಗರದಲ್ಲಿ ಮಾನ್ಸೂನ್ ಜೊತೆಗೆ ಮೇಲ್ಮೈ ಪ್ರವಾಹ ತಿರುಗುಮುರುಗಾಗುತ್ತದೆ. ವಾರ್ಷಿಕ ಸರಾಸರಿ ತೆಗೆದರೆ ಎದುರುಬದುರಿನ ಎರಡು ಹರಿವುಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕಿ, ಬಲವಾದ ಪ್ರವಾಹವಿದ್ದಲ್ಲೂ ನೀರು ನಿಂತಂತೆ ತೋರುತ್ತದೆ. ಮೊಟ್ಟೆಯಿಡುವ ತಿಂಗಳುಗಳನ್ನಷ್ಟೇ ಹಿಡಿದು ಸರಾಸರಿ ಮಾಡುವುದು ಸರಿಯಾದ ಕ್ರಮ.

ಲಾರ್ವಾಗಳು, ಅಂದರೆ ಮೊಟ್ಟೆಯೊಡೆದ ಎಳೆಮರಿಗಳು, ತೇಲಿಹೋಗುವ ದಾರಿ ಲೆಕ್ಕಹಾಕಲು ಓಷನ್‌ಪಾರ್ಸೆಲ್ಸ್ ಅಥವಾ ಓಪನ್‌ಡ್ರಿಫ್ಟ್ ತಂತ್ರಾಂಶದ ಜೊತೆ ಈ ದತ್ತಾಂಶ ಸಲೀಸಾಗಿ ಕೂಡುತ್ತದೆ. ಸೆಕೆಂಡಿಗೆ 0.1 ಮೀಟರಿನ ಮಂದ ಹರಿವೂ 30 ದಿನದಲ್ಲಿ 259 ಕಿಲೋಮೀಟರ್ ಒಯ್ಯುತ್ತದೆ. ವೇಗದಲ್ಲಿನ ಸಣ್ಣ ತಪ್ಪು ಲಾರ್ವಾವನ್ನು ಬೇರೆ ಕರಾವಳಿಗೇ ಇಳಿಸಬಲ್ಲದು. ಸೆಕೆಂಡಿಗೆ 1.5 ಮೀಟರ್ ವೇಗದ ಪ್ರವಾಹ ಒಂದು ಚೌಕವನ್ನು ಎರಡು ಗಂಟೆಯೊಳಗೆ ದಾಟುವುದರಿಂದ ಲೆಕ್ಕದ ಹೆಜ್ಜೆ 10–20 ನಿಮಿಷ ಇರಲಿ. ಹಗಲು ಕೆಳಗಿಳಿದು ರಾತ್ರಿ ಮೇಲೇರುವ ಲಾರ್ವಾಗಳನ್ನು ಮೇಲ್ಮೈಯಲ್ಲೇ ತೇಲಿಸಿದರೆ ಉತ್ತರ ಪೂರ್ತಿ ತಪ್ಪುತ್ತದೆ. ಕರಾವಳಿಯಲ್ಲಿ ಲಾರ್ವಾಗಳ ಬದಲಿಗೆ ಲೆಕ್ಕದಲ್ಲಿ ತೇಲಿಬಿಟ್ಟ ಕಣಗಳು ನೆಲಕ್ಕೆ ಅಂಟಿ ನಿಂತುಬಿಡುವ ಕಾಟವೂ ಇದೆ: ಮಾದರಿಯ ವೇಗಗಳನ್ನು ಸಮಚೌಕಗಳಿಗೆ ಹೊಂದಿಸಿ ಕೊಟ್ಟಿರುವುದರಿಂದ ದಡದಂಚಿನ ಹರಿವು ನಿಖರವಾಗಿ ಉಳಿಯುವುದಿಲ್ಲ. ಕಣಗಳನ್ನು ದಡದಿಂದ ಕನಿಷ್ಠ ಒಂದು ಚೌಕ ಆಚೆ ಬಿಡಿ. ಅಳಿವೆ, ಸಣ್ಣ ಕೊಲ್ಲಿಗಳಿಗೆ ಈ ಜಾಗತಿಕ ಮಾದರಿಯನ್ನು ಬಳಸಲೇಬೇಡಿ. ದೈನಿಕ ಸರಾಸರಿಯಲ್ಲಿ ಉಬ್ಬರವಿಳಿತವೂ ಇರುವುದಿಲ್ಲ. ಅದು ಬೇಕಿದ್ದರೆ ಮುನ್ಸೂಚನೆ ವಿಭಾಗದಲ್ಲಿ ಉಬ್ಬರವಿಳಿತ, ಅಲೆಯ ಸಾಗಣೆ ಎರಡನ್ನೂ ಕೂಡಿಸಿದ ಗಂಟೆವಾರು ಮೇಲ್ಮೈ ಪ್ರವಾಹ ಸಿಗುತ್ತದೆ.

ಅಭ್ಯಾಸಕ್ಕೆ ಒಳ್ಳೆಯ ಉದಾಹರಣೆ ಉದ್ದಮುಳ್ಳಿನ ಕಡಲ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿ. ಪೂರ್ವ ಆಸ್ಟ್ರೇಲಿಯಾ ಪ್ರವಾಹ ದಕ್ಷಿಣಕ್ಕೆ ಬಲವಾಗುತ್ತಿದ್ದಂತೆ ಇದು ಟಾಸ್ಮೇನಿಯಾ ತಲುಪಿ, ಕೆಲ್ಪ್ ಪಾಚಿಯ ಕಾಡುಗಳನ್ನು ಮೇಯ್ದು ಬಂಡೆ ಬರಿದು ಮಾಡಿದೆ. ಇದು ಮೊಟ್ಟೆಯಿಡುವುದು ಅಲ್ಲಿನ ಚಳಿಗಾಲದಲ್ಲಿ, ಆಗಸ್ಟ್ ಸುಮಾರಿಗೆ; ಲಾರ್ವಾ ಬೆಳೆಯಲು ನೀರು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಪ್ರತಿವರ್ಷದ ಆಗಸ್ಟ್‌ನ 12 ಡಿಗ್ರಿ ಗೆರೆಯನ್ನು ಎಳೆದು, ದಕ್ಷಿಣಮುಖಿ ಹರಿವನ್ನು ಅದರ ಮೇಲೆ ಹಾಸಿ ನೋಡಿ. ಸಾಗಿಸುವ ನೀರು, ಬದುಕಿಸುವ ಉಷ್ಣತೆ ಎರಡೂ ಸೇರಿದಲ್ಲೇ ಅರ್ಚಿನ್ ನೆಲೆಯೂರಬಲ್ಲದು.

ಜೀವಿಗಳ ದಾಖಲೆಗೆ ಯುನೆಸ್ಕೋ ಆಶ್ರಯದ ಓಬಿಸ್ ಎಂಬ ದತ್ತಾಂಶ ಸಂಗ್ರಹ ಇದೆ, ಅದೂ ಉಚಿತ. ಜೋಡಿಸುವ ಮುನ್ನ ಸ್ಥಳದ ಅನಿಶ್ಚಿತತೆ 10 ಕಿಲೋಮೀಟರ್ ಮೀರಿದ ದಾಖಲೆಗಳನ್ನೂ, ಬರೀ ಇಸವಿ ಇರುವ ವಸ್ತುಸಂಗ್ರಹಾಲಯದ ಜೀವಿನಮೂನೆಗಳ ದಾಖಲೆಗಳನ್ನೂ, ನೆಲದ ಮೇಲೆ ಬಿದ್ದ ಬಿಂದುಗಳನ್ನೂ ತೆಗೆಯಿರಿ. ದಾಖಲೆ ಇಲ್ಲ ಎಂದರೆ ಜೀವಿ ಇಲ್ಲ ಎಂದಲ್ಲ; ಅಲ್ಲಿ ಯಾರೂ ಬಲೆ ಹಾಕಿರಲಿಕ್ಕಿಲ್ಲ. ಸಮೀಕ್ಷೆಯ ಹಡಗು ಉತ್ತರಕ್ಕೆ ಹೋದುದನ್ನೇ ಮೀನು ಉತ್ತರಕ್ಕೆ ಹೋಯಿತು ಎಂದು ಓದಿಕೊಂಡರೆ ಶ್ರಮವೆಲ್ಲ ವ್ಯರ್ಥ.

ಮೈಕ್ರೋನೆಕ್ಟನ್ ಎಂಬ ಪುಟ್ಟ ಈಜುಜೀವಿಗಳ ರಾಶಿಯ ಅಂದಾಜನ್ನೂ ಕೋಪರ್ನಿಕಸ್ ಕೊಡುತ್ತದೆ. ನೋಡಲು ಆಕರ್ಷಕ, ಆದರೆ ಅದು ಎಣಿಕೆಯಲ್ಲ: ಪ್ರವಾಹ, ಉಷ್ಣತೆ, ಸಸ್ಯಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ) ಉತ್ಪಾದನೆಯನ್ನು ಉಣಿಸಿ ತೆಗೆದ ಮಾದರಿ. ಪ್ರವಾಹದಿಂದಲೇ ಲೆಕ್ಕ ಹಾಕಿದ ಜೀವರಾಶಿಯನ್ನು ಮುಂದಿಟ್ಟು ಪ್ರವಾಹದ ಪ್ರಭಾವ ಸಾಬೀತಾಯಿತು ಎನ್ನುವಂತಿಲ್ಲ.

ಮಾದರಿಯ ವೇಗಗಳನ್ನು ಪರೀಕ್ಷಿಸಲು, ಪ್ರವಾಹದೊಂದಿಗೆ ತೇಲುತ್ತ ತಾವಿರುವ ಜಾಗ ತಿಳಿಸುವ ತೇಲುಬುರುಡೆಗಳ ದತ್ತಾಂಶ ಬಳಸಿ. ನೀರಿನ ಹರಿವನ್ನು ಹಿಡಿಯಲು ಅವುಗಳ ಕೆಳಗೆ ಕಟ್ಟಿದ ನೀರಹಾಯಿ 15 ಮೀಟರ್ ಆಳದಲ್ಲಿರುತ್ತದೆ, ಹಾಗಾಗಿ ಹೋಲಿಸಬೇಕಾದ್ದು 15 ಮೀಟರಿನ ಪದರದೊಂದಿಗೆ. ಹಾಯಿ ಕಳಚಿಹೋದ ಬುರುಡೆಗಳನ್ನು ಗಾಳಿ ಎಳೆಯುತ್ತದೆ, ಅವನ್ನು ಬಿಡಿ. ಪ್ರತಿ ಉತ್ಪನ್ನದ ಜೊತೆಗಿರುವ ಗುಣಮಟ್ಟದ ಕಡತದಲ್ಲಿ ದೋಷದ ಅಂದಾಜುಗಳಿವೆ, ದತ್ತಾಂಶ ಇಳಿಸುವ ಮೊದಲೇ ಓದಿ. ಆವೃತ್ತಿಯ ಸಂಖ್ಯೆಯನ್ನೂ ಇಳಿಸಿದ ದಿನಾಂಕವನ್ನೂ ಬರೆದಿಡಿ. ಹೊಸ ಆವೃತ್ತಿ ಬಂದಮೇಲೆ ಹಳೆಯದು ಸದಾ ಸಿಗುತ್ತಲೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.