ಅರ್ಧ ಸಜ್ಜುಗೊಂಡ ಡೆಲೋರಿಯನ್: ಮಾರಾಟಕ್ಕಿಟ್ಟ ‘ಕಾಲಯಂತ್ರ’ವೊಂದರ ಪರಿಶೀಲನೆ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಬಾದಾಮಿ ತೋಟಗಳ ಅಂಚಿನ ತಗಡಿನ ಷೆಡ್ಡೊಂದರಲ್ಲಿ, 1981ರ ಡೆಲೋರಿಯನ್ ಡಿಎಂಸಿ-12 ಕಾರು ಮಾರಾಟಕ್ಕಿದೆ. ಅದರ ಈಗಿನ ಮಾಲೀಕರು, ಒಬ್ಬ ನಿವೃತ್ತ ಶಿಕ್ಷಕರು, ಆರು ವರ್ಷಗಳಿಂದ ಅದನ್ನು 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದ ಕಾಲಯಂತ್ರದ ಪ್ರತಿಕೃತಿಯಾಗಿ ಮಾರ್ಪಡಿಸುತ್ತ ಬಂದು, ಈಗ ಆರೋಗ್ಯ ಸಹಕರಿಸದ ಕಾರಣ ಕೈಬಿಡುತ್ತಿದ್ದಾರೆ. ಕೇಳಿರುವ ಬೆಲೆ 58,000 ಡಾಲರ್. ‘ಮುಕ್ಕಾಲು ಪಾಲು ಕೆಲಸ ಮುಗಿದಿದೆ’ ಎಂಬುದು ಜಾಹೀರಾತಿನ ಮೊದಲ ಸಾಲು. ಫ್ರಿಮಾಂಟಿನಲ್ಲಿರುವ ಶಿವಮೊಗ್ಗ ಮೂಲದ ಗೆಳೆಯರೊಬ್ಬರು ಇದನ್ನು ಕೊಳ್ಳುವ ಆಲೋಚನೆಯಲ್ಲಿದ್ದು, ಹನ್ನೊಂದು ವರ್ಷಗಳಿಂದ ಇದೇ ಮಾದರಿಯ, ಏನೂ ಮಾರ್ಪಾಡು ಮಾಡದ ಕಾರನ್ನು ನಾನು ಇಟ್ಟುಕೊಂಡಿರುವುದರಿಂದ, ‘ಸರ್, ನೀವೊಮ್ಮೆ ಬಂದು ಅಡಿಯಿಂದ ಮುಡಿಯವರೆಗೆ ನೋಡಿಬಿಡಿ’ ಎಂದು ಕರೆದರು. ನಾಲ್ಕು ಗಂಟೆ ನೋಡಿದೆ. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಅರ್ಧ ಮುಗಿದ ಕಾರನ್ನು ಕೊಳ್ಳಲು ಹೊರಟವರಿಗೂ ಮಾರಲು ಹೊರಟವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಮೂಲ ಕಾರಿನ ವಿಷಯ. ಜನರಲ್ ಮೋಟರ್ಸ್ ತೊರೆದು ಬಂದ ಜಾನ್ ಡೆಲೋರಿಯನ್ ಸ್ಥಾಪಿಸಿದ ಕಂಪನಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಬಳಿಯ ಡನ್‌ಮರಿಯಲ್ಲಿ ಈ ಕಾರುಗಳನ್ನು ಕಟ್ಟಿತು. ರೂಪ ಕೊಟ್ಟವರು ಇಟಲಿಯ ಜಾರ್ಜೆಟ್ಟೊ ಜುಜಾರೊ, ಚಾಸಿಸ್ ರೂಪಿಸಿದ್ದು ಲೋಟಸ್ ಕಂಪನಿ. 1981ರಲ್ಲಿ ಉತ್ಪಾದನೆ ಆರಂಭವಾಗಿ 1982ರಲ್ಲೇ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ಹೊರಬಂದದ್ದು ಸುಮಾರು 9,000 ಕಾರುಗಳು ಮಾತ್ರ. ಆದರೂ ಬಿಡಿಭಾಗಗಳಿಗೆ ಇಂದಿಗೂ ಪರದಾಡಬೇಕಿಲ್ಲ, ಏಕೆಂದರೆ ಉಳಿದಿದ್ದ ಭಾಗಗಳ ದೊಡ್ಡ ದಾಸ್ತಾನು ಟೆಕ್ಸಾಸಿನ ಒಂದು ಸಂಸ್ಥೆಯ ಕೈ ಸೇರಿ ಅಲ್ಲಿಂದ ಮಾರಾಟವಾಗುತ್ತ ಬಂದಿದೆ. ಈ ಕಾರನ್ನು ಪುನರುಜ್ಜೀವನಗೊಳಿಸುವುದು ಸಾಧ್ಯವಾಗಿ ಉಳಿದಿರುವುದು ಇದರಿಂದಲೇ. ಹೊರಮೈಯ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ವಿಷಯ ಮಾತ್ರ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ನಾವು ಮೊದಲು ಕಾರಿನ ಕೆಳಗೆ ಇಳಿದೆವು. ಎರಡು ತುದಿಗಳಲ್ಲಿ ಕವಲೊಡೆದ ಬೆನ್ನೆಲುಬಿನಂತಿರುವ ಉಕ್ಕಿನ ಚೌಕಟ್ಟೇ ಡೆಲೋರಿಯನ್ನಿನ ಜೀವ. ಅದರ ಮೇಲೆ ಕಾರ್ಖಾನೆಯವರು ದಪ್ಪ ಎಪಾಕ್ಸಿ ಲೇಪ ಕೊಟ್ಟಿದ್ದರು. ಲೇಪ ಅಖಂಡವಾಗಿರುವಷ್ಟು ಕಾಲ ರಕ್ಷಣೆ ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ಕಡೆ ಕಲ್ಲು ಸಿಡಿದು ಚಕ್ಕೆ ಎದ್ದರೆ ನೀರು ಲೇಪಕ್ಕೂ ಉಕ್ಕಿಗೂ ನಡುವೆ ಹೊಕ್ಕು ನಿಲ್ಲುತ್ತದೆ, ಮೇಲೆ ಬೂದುಬಣ್ಣದ ಹೊದಿಕೆ ನಯವಾಗಿಯೇ ಕಾಣುತ್ತಿರುವಾಗ ಕೆಳಗೆ ತುಕ್ಕು ಹರಡುತ್ತ ಹೋಗುತ್ತದೆ. ಆದ್ದರಿಂದ ಕಣ್ಣಿನಿಂದ ನೋಡಿದರೆ ಸಾಲದು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಬೇಕು. ಈ ಕಾರಿನ ನಡುಭಾಗ, ಹಿಂಭಾಗ ಗಟ್ಟಿ ಸದ್ದು ಕೊಟ್ಟವು. ಮುಂಭಾಗದಲ್ಲಿ, ಬ್ರೇಕ್ ಮತ್ತು ಕ್ಲಚ್‌ಗಳ ಮಾಸ್ಟರ್ ಸಿಲಿಂಡರುಗಳ (ಪೆಡಲು ಒತ್ತಿದಾಗ ದ್ರವವನ್ನು ತಳ್ಳುವ ಭಾಗಗಳ) ಕೆಳಗೆ, ಸದ್ದು ಬದಲಾಯಿತು. ಹಳೆಯ ಸಿಲಿಂಡರಿನಿಂದ ಸೋರುವ ಬ್ರೇಕ್ ದ್ರವ ಎಪಾಕ್ಸಿಯನ್ನು ಮೆತ್ತಗಾಗಿಸಿ ಎಬ್ಬಿಸುವುದು ಈ ಕಾರುಗಳಲ್ಲಿ ಪರಿಚಿತ ಸಂಗತಿ. ಇಲ್ಲಿ ಅಂಗೈ ಅಗಲದ ಲೇಪ ಕೈಗೇ ಎದ್ದು ಬಂತು, ಕೆಳಗೆ ಪದರ ಪದರವಾಗಿ ತುಕ್ಕಿತ್ತು. ಇನ್ನೂ ತೂತಾಗಿಲ್ಲ, ಸರಿಪಡಿಸಬಹುದು. ಆದರೆ ಇಂಧನದ ಟ್ಯಾಂಕು ಇರುವುದೂ ಮುಂಭಾಗದಲ್ಲೇ. ಅದನ್ನು ಮುಚ್ಚಿರುವ ಕೆಳತಟ್ಟೆ ಬಿಚ್ಚದೆ ಅದರ ಹಿಂದಿನ ಉಕ್ಕಿನ ಸ್ಥಿತಿ ತಿಳಿಯದು. ಆರು ವರ್ಷಗಳಲ್ಲಿ ಅದನ್ನು ಒಮ್ಮೆಯೂ ಬಿಚ್ಚಿಲ್ಲವೆಂದು ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರು.

ಹಿಂಬದಿಯ ಸಸ್ಪೆನ್ಶನ್ನಿನಲ್ಲಿ ಚಕ್ರವನ್ನು ಹಿಡಿದಿಡುವ ತೋಳುಗಳ (ಟ್ರೇಲಿಂಗ್ ಆರ್ಮ್) ಬೋಲ್ಟುಗಳು ಮೂಲದವೇ ಆಗಿದ್ದವು. ಇವು ಬಾಗುವುದುಂಟು. ಬಾಗಿದ ಬೋಲ್ಟಿನೊಡನೆ ಓಡಿಸುವುದು ಜೀವಕ್ಕೆ ಅಪಾಯ ತರುವ ಕೆಲಸ. ಹೆಚ್ಚು ಬಲದ ಹೊಸ ಬೋಲ್ಟುಗಳು ಸಿಗುತ್ತವೆ, ಯಾರೇ ಕೊಂಡರೂ ಮೊದಲ ವಾರದಲ್ಲೇ ಬದಲಾಯಿಸಬೇಕು. ಟಯರುಗಳ ಪಕ್ಕದ ನಾಲ್ಕಂಕಿಯ ಗುರುತು 2309 ಎಂದಿತ್ತು, ಅಂದರೆ 2009ರ 23ನೇ ವಾರದಲ್ಲಿ ತಯಾರಾದವು. ಮೇಲಿನ ಗೀರುಗಳು ಹೊಸದರಂತೆ ಆಳವಾಗಿದ್ದರೂ ರಬ್ಬರು ಕಲ್ಲಾಗಿದೆ. ಮುಂದಿನ ಚಕ್ರ 14 ಇಂಚು, ಹಿಂದಿನದು 15 ಇಂಚು ಆಗಿರುವುದರಿಂದ ಈ ಅಳತೆಗಳಲ್ಲಿ ಆಯ್ಕೆಯೂ ಕಡಿಮೆ.

ಇನ್ನು ಹೊರಮೈ. ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು ಇಲ್ಲಿ. ಡೆಲೋರಿಯನ್ನಿಗೆ ಬಣ್ಣವಿಲ್ಲ. ಫೈಬರ್‌ಗ್ಲಾಸ್ ಒಡಲಿನ ಮೇಲೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳನ್ನು ಒಂದೇ ದಿಕ್ಕಿಗೆ ಉಜ್ಜಿ ಕೂರಿಸಲಾಗಿದೆ. ಸಣ್ಣ ಗೀರು ಬಿದ್ದರೆ ಉಜ್ಜುವ ಪ್ಯಾಡಿನಿಂದ ಅದೇ ದಿಕ್ಕಿಗೆ ತಿಕ್ಕಿ ತೆಗೆಯಬಹುದು. ಆದರೆ ತೂತು ಕೊರೆದರೆ ಮುಚ್ಚುವುದು ಬಹಳ ಕಷ್ಟ: ಬೇರೆ ಕಾರಿನಂತೆ ಪುಟ್ಟಿ ತುಂಬಿ ಬಣ್ಣ ಹೊಡೆಯುವಂತಿಲ್ಲ, ಬೆಸುಗೆ ಹಾಕಿದರೆ ತೆಳು ಫಲಕ ಶಾಖಕ್ಕೆ ಸೊಟ್ಟಗಾಗುತ್ತದೆ, ಸೊಟ್ಟ ತೆಗೆದರೂ ಆ ಉಜ್ಜಿದ ಗೆರೆಗಳನ್ನು ಅಕ್ಕಪಕ್ಕದ ಗೆರೆಗಳಿಗೆ ಹೊಂದಿಸಲು ನುರಿತ ಕೈ ಬೇಕು. ಚಿತ್ರದ ಕಾರಿನಂತೆ ಒಡಲಿನ ಸುತ್ತ ಹಾಯುವ ಪಟ್ಟಿಗಳನ್ನೂ ಕೇಬಲುಗಳನ್ನೂ ಕೂರಿಸಲು ಇಲ್ಲಿ ಮುಂದಿನ ಎರಡೂ ಫೆಂಡರುಗಳಿಗೆ, ಹಿಂಬದಿಯ ಎರಡೂ ಫಲಕಗಳಿಗೆ ನೇರವಾಗಿ ಡ್ರಿಲ್ ಮಾಡಲಾಗಿದೆ. ನಾನು ಎಣಿಸಿದ್ದು 41 ತೂತುಗಳು. ಅವುಗಳಲ್ಲಿ ಬಹುಪಾಲಿಗೆ ಬಳಸಿದ್ದು ಸಾಧಾರಣ ಉಕ್ಕಿನ ಸ್ಕ್ರೂಗಳು. ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಹರವಿನ ಮಧ್ಯೆ ಸಾದಾ ಉಕ್ಕಿನ ಚಿಕ್ಕ ಸ್ಕ್ರೂ ಕೂತು ತೇವ ತಾಗಿದರೆ ಸ್ಕ್ರೂ ಬಲುಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ತೂತಿನ ಕೆಳಗೂ ಒಂದೊಂದು ಕಂದು ಧಾರೆ ಇಳಿದಿತ್ತು.

ಇದನ್ನು ತಪ್ಪಿಸುವ ದಾರಿ ಇತ್ತು ಎಂಬುದಕ್ಕಾಗಿಯೇ ಇಷ್ಟು ಹೇಳಬೇಕಾಯಿತು. ಫಲಕಗಳ ಅಂಚುಗಳಿಗೆ, ಬಂಪರಿನ ಒಳಬದಿಗೆ ಹಿಡಿದುಕೊಳ್ಳುವ ಕ್ಲ್ಯಾಂಪುಗಳನ್ನು ಮಾಡಿಸಿ ಅವುಗಳ ಮೇಲೆ ಪಟ್ಟಿಗಳನ್ನು ನಿಲ್ಲಿಸಬಹುದು; ಅಥವಾ ಡೊಂಕಾಗಿರುವ ಹಳೆಯ ಫಲಕಗಳನ್ನು ಕೊಂಡು ಅವುಗಳನ್ನು ಕೊರೆದು, ಕಾರಿನ ಸ್ವಂತ ಫಲಕಗಳನ್ನು ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಬಹುದು. ಹಾಗೆ ಮಾಡಿದ್ದರೆ ಈ ಕಾರನ್ನು ಕೊಂಡವರು ಎಂದಾದರೂ ಅದನ್ನು ಡೆಲೋರಿಯನ್ನಾಗಿಯೇ ಹಿಂದಿರುಗಿಸಬಹುದಾಗಿತ್ತು. ಈಗ ಅದು ಸಿನಿಮಾದ ಕಾರಾಗಿಯೇ ಉಳಿಯಬೇಕು. ಜಾಹೀರಾತಿನಲ್ಲಿ ಈ ಒಂದು ವಾಕ್ಯ ಇರಬೇಕಿತ್ತು, ಇರಲಿಲ್ಲ. ತೂತುಗಳು ಕಾಣುವ ಚಿತ್ರವೂ ಒಂದೇ ಒಂದಿರಲಿಲ್ಲ.

ಮೇಲಕ್ಕೆ ತೆರೆಯುವ ಬಾಗಿಲುಗಳಲ್ಲಿ ಎಡಗಡೆಯದು ಸರಿಯಾಗಿತ್ತು. ಬಲಗಡೆಯದು ಪೂರ್ತಿ ಏಳದೆ ಅರ್ಧಕ್ಕೆ ನಿಂತಿತು. ಬಾಗಿಲನ್ನು ಸ್ಪ್ರಿಂಗಿನಂತೆ ಮೇಲೆತ್ತುವ, ಚಾವಣಿಯೊಳಗಿನ ತಿರುಚಿದ ಉಕ್ಕಿನ ಸರಳುಗಳಾದ ಟಾರ್ಶನ್ ಬಾರ್‌ಗಳನ್ನು ಅತಿಶೀತಲ ಸ್ಥಿತಿಯಲ್ಲಿ ತಿರುಚಿ ಸಿದ್ಧಪಡಿಸಿದ್ದು ವಿಮಾನ ತಯಾರಕ ಗ್ರುಮ್ಮನ್ ಕಂಪನಿ. ಅವು ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು ಅವುಗಳ ಜೊತೆಗಿರುವ ಗ್ಯಾಸ್ ಸ್ಟ್ರಟ್, ಅಂದರೆ ಅನಿಲ ತುಂಬಿದ ಆಸರೆಕೊಳವೆ. ಅದನ್ನು ಬದಲಾಯಿಸಿದರೆ ಸಾಕು. ಬಾಗಿಲು ಏಳಲಿಲ್ಲವೆಂದು ಟಾರ್ಶನ್ ಬಾರನ್ನು ಇನ್ನಷ್ಟು ಬಿಗಿ ಮಾಡಲು ಹೋಗಬಾರದು, ಚಾವಣಿಯ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ.

ಒಳಗೆ ಕೂತಾಗ ಮಾತ್ರ ನನಗೂ ಗೆಳೆಯರಿಗೂ ಒಂದು ಕ್ಷಣ ಮಾತು ಹೊರಡಲಿಲ್ಲ. ಕೆಂಪು, ಹಸಿರು, ಹಳದಿ ಅಂಕಿಗಳ ಮೂರು ಸಾಲಿನ ಕಾಲಫಲಕ, ಆಸನಗಳ ಹಿಂದೆ ಕವಲಾಗಿ ಮಿನುಗುವ ಫ್ಲಕ್ಸ್ ಕೆಪಾಸಿಟರ್ (ಚಿತ್ರದಲ್ಲಿ ಕಾಲಯಾನವನ್ನು ಸಾಧ್ಯವಾಗಿಸುವ ಕಾಲ್ಪನಿಕ ಉಪಕರಣ), ಒಂದೊಂದು ಗುಂಡಿಗೂ ಹಚ್ಚಿದ ಹೆಸರುಪಟ್ಟಿ, ಇವೆಲ್ಲವನ್ನೂ ಮಾಲೀಕರು ಸ್ವಂತ ಕೈಯಿಂದ, ಚಿತ್ರದ ಒಂದೊಂದು ದೃಶ್ಯವನ್ನು ನಿಲ್ಲಿಸಿ ನೋಡಿ ಮಾಡಿದ್ದಾರೆ. ಚಿತ್ರದ ನಾಯಕ ಹೋಗಿ ತಲುಪುವ 1955ರ ನವೆಂಬರ್ 5 ಎಂಬ ದಿನಾಂಕ ಅದರ ಸ್ಥಾನದಲ್ಲೇ ಇತ್ತು. ಆಗಿನ ಅಮೆರಿಕದ ನಿಯಮದಂತೆ ಈ ಕಾರಿನ ವೇಗಮಾಪಕ ಗಂಟೆಗೆ 85 ಮೈಲಿಗೆ ಮುಗಿಯುತ್ತದೆ, ಚಿತ್ರದ ಕತೆಯಲ್ಲಿ ಕಾಲಯಾನಕ್ಕೆ ಬೇಕಾದದ್ದು 88. ಆದ್ದರಿಂದ ಡ್ಯಾಶ್‌ಬೋರ್ಡಿನ ಮೇಲೆ ಬೇರೊಂದು ಡಿಜಿಟಲ್ ವೇಗಮಾಪಕವನ್ನೂ ಅವರು ಕೂರಿಸಿದ್ದಾರೆ, ಅದು ನಿಜವಾದ ವೇಗವನ್ನೇ ತೋರಿಸುತ್ತದೆಯಂತೆ. ಚಿತ್ರೀಕರಣದಲ್ಲಿ ಬಳಸಿದ ಮುಖ್ಯ ಕಾರನ್ನು ಲಾಸ್ ಏಂಜಲೀಸಿನ ಪೀಟರ್‌ಸನ್ ವಸ್ತುಸಂಗ್ರಹಾಲಯದಲ್ಲಿ ನಾನು ನೋಡಿದ್ದೇನೆ. ಅದರ ಪಕ್ಕದಲ್ಲಿಟ್ಟರೂ ಈ ಒಳಾಂಗಣ ತಲೆತಗ್ಗಿಸಬೇಕಾಗಿಲ್ಲ. ಇಷ್ಟು ತಾಳ್ಮೆಯ ಕೆಲಸಕ್ಕೆ ಬೆಲೆ ಕಟ್ಟಲೇಬೇಕು, ಕಟ್ಟುವುದು ನ್ಯಾಯವೂ ಹೌದು.

ಆದರೆ ಆ ದೀಪಗಳಿಗೆ ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದಾಗ ಸಂತೋಷ ಉಳಿಯಲಿಲ್ಲ. ಆಸನದ ಹಿಂದಿರುವ ಬ್ಯಾಟರಿಯಿಂದಲೇ, ನಡುವೆ ಫ್ಯೂಸ್ ಇಲ್ಲದೆ, ಒಂದು ತಂತಿ ಹೊರಟಿದೆ. ಅದರಿಂದ ಹತ್ತಾರು ಕವಲುಗಳು, ಒಂದೊಂದು ಕೂಡಿಕೆಗೂ ಮನೆಯ ಗೋಡೆಯೊಳಗಿನ ವೈರಿಂಗಿಗೆ ಬಳಸುವ ತಿರುಚು ಕ್ಯಾಪುಗಳು. ಕಾರು ಅದುರುವ ವಸ್ತು, ಆ ಕ್ಯಾಪುಗಳು ಅದುರಿಗೆ ತಕ್ಕವಲ್ಲ. ಅದಕ್ಕಿಂತ ಮುಖ್ಯವಾದದ್ದು, ಡೆಲೋರಿಯನ್ನಿನ ಒಡಲು ಫೈಬರ್‌ಗ್ಲಾಸ್ ಆದ್ದರಿಂದ ಉಳಿದ ಕಾರುಗಳಂತೆ ಸಿಕ್ಕ ಕಡೆ ಸ್ಕ್ರೂ ಹೊಡೆದು ಅರ್ಥಿಂಗ್ ಕೊಡುವಂತಿಲ್ಲ. ಪ್ರತಿಯೊಂದು ಉಪಕರಣದ ಮರುತಂತಿಯನ್ನೂ ಚೌಕಟ್ಟಿನವರೆಗೆ ಒಯ್ಯಬೇಕು. ಇಲ್ಲಿ ಮೂರು ತಂತಿಗಳು ಫೈಬರ್‌ಗ್ಲಾಸಿಗೆ ಬಿಗಿದ ಸ್ಕ್ರೂಗಳಲ್ಲಿ ಕೊನೆಗೊಂಡಿದ್ದವು. ಅಂಕಿಗಳು ಆಗಾಗ ಮಂಕಾಗುವುದು ಯಾಕೆಂದು ಮಾಲೀಕರಿಗೆ ಎರಡು ವರ್ಷಗಳಿಂದ ತಿಳಿದಿರಲಿಲ್ಲವಂತೆ, ಕಾರಣ ಇದೇ. ಸಿನಿಮಾ ದೀಪಗಳಿಗೆ ಬೇರೆ ಬ್ಯಾಟರಿ, ಬೇರೆ ಫ್ಯೂಸ್ ಪೆಟ್ಟಿಗೆ, ಕೈಗೆಟುಕುವ ಒಂದು ಕಟ್-ಆಫ್ ಸ್ವಿಚ್ಚು, ಇಷ್ಟೂ ಆಗುವವರೆಗೆ ಈ ಕಾರಿನಲ್ಲಿ ಮಕ್ಕಳನ್ನು ಕೂರಿಸಬೇಡಿ ಎಂದು ಗೆಳೆಯರಿಗೆ ಅಲ್ಲಿಯೇ ಹೇಳಿದೆ. ತಲೆಯ ಹಿಂದೆ ಪ್ಲೈವುಡ್ಡಿನ ಪೆಟ್ಟಿಗೆಗಳನ್ನು ಅಂಟಿನಿಂದ ಮಾತ್ರ ನಿಲ್ಲಿಸಿರುವುದೂ ಸರಿಯಲ್ಲ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅವು ಮುಂದಕ್ಕೆ ಬರುತ್ತವೆ.

ಎಂಜಿನ್ ಹಿಂಬದಿಯಲ್ಲಿದೆ. ಪ್ಯೂಜೊ, ರೆನೋ, ವೋಲ್ವೊ ಮೂರೂ ಸೇರಿ ತಯಾರಿಸಿದ 2,849 ಸಿಸಿಯ ವಿ6, ಅಮೆರಿಕದ ಮಾದರಿಯಲ್ಲಿ 130 ಅಶ್ವಶಕ್ತಿ. ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಎಂಬ ಯಾಂತ್ರಿಕ ಇಂಜೆಕ್ಷನ್ ವ್ಯವಸ್ಥೆ ಓಡಾಡುತ್ತಿದ್ದರೆ ಬಹುಕಾಲ ಬಾಳುತ್ತದೆ, ಹಳೆಯ ಪೆಟ್ರೋಲು ತುಂಬಿಕೊಂಡು ನಿಂತರೆ ಒಳಗಿನ ಪ್ಲಂಜರ್ ಅಂಟಿಕೊಳ್ಳುತ್ತದೆ. ಬಹಳ ಹೊತ್ತು ತಿರುಗಿಸಿದ ಮೇಲೆ ಎಂಜಿನ್ ಹತ್ತಿತು. ನಿಮಿಷಕ್ಕೆ 775ರ ಆಸುಪಾಸಿನಲ್ಲಿ ನಿಲ್ಲಬೇಕಾದ ಐಡಲ್ ಸುತ್ತುಗಳು (ಕಾರು ನಿಂತಿರುವಾಗಿನ ಎಂಜಿನ್ ಸುತ್ತುಗಳು) 600ರಿಂದ 1,500ರವರೆಗೆ ಏರಿಳಿಯುತ್ತಿದ್ದವು. ಎಲ್ಲೋ ಗಾಳಿ ಸೋರುತ್ತಿರಬೇಕು. ವಿ ಆಕಾರದ ಎಂಜಿನ್ನಿನ ನಡುಕಣಿವೆಯಲ್ಲಿ ಎಲೆ, ಮಣ್ಣು, ನೀರು ಸೇರಿ ಅಲ್ಯುಮಿನಿಯಂ ಬ್ಲಾಕನ್ನು ಕೊರೆಯುವ ಸಾಧ್ಯತೆ ಇರುವುದರಿಂದ ಅಲ್ಲಿಗೆ ಟಾರ್ಚ್ ಬಿಟ್ಟು ನೋಡಬೇಕೆಂದಿದ್ದೆ. ಆಗಲಿಲ್ಲ. ಪ್ರತಿಕೃತಿಯ ಎರಡು ದೊಡ್ಡ ಗಾಳಿಕೊಳವೆಗಳನ್ನು ಎಂಜಿನ್ ಮುಚ್ಚಳದ ಮೇಲೆಯೇ ಕಟ್ಟಿರುವುದರಿಂದ ಅದನ್ನು ಎತ್ತಲು ಮೂವರು ಬೇಕಾದೆವು, ಎತ್ತಿದ ಮೇಲೆ ಅದನ್ನು ಹಿಡಿದುಕೊಂಡೇ ನಿಲ್ಲಬೇಕಾಯಿತು. ತೂಕದ ಸುಮಾರು ಶೇ. 65 ಪಾಲು ಮೊದಲೇ ಹಿಂದಿರುವ ಕಾರಿಗೆ ಹಿಂದೆಯೇ ಇನ್ನಷ್ಟು ಭಾರ ಹೇರಿದ್ದರ ಪರಿಣಾಮ ಹಿಂದಿನ ಸ್ಪ್ರಿಂಗುಗಳಲ್ಲೂ ಕಾಣುತ್ತಿತ್ತು.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ; 1981ರ ಡೆಲೋರಿಯನ್ನಿಗೆ ಇಲ್ಲ. ಮಾರುವಾಗ ಹೊಗೆ ತಪಾಸಣೆಯ ಪ್ರಮಾಣಪತ್ರ ಒದಗಿಸುವ ಹೊಣೆ ಮಾರುವವರದು. ಇವರ ಬಳಿ ಅದಿಲ್ಲ, ಈಗಿನ ಐಡಲ್ ಸ್ಥಿತಿಯಲ್ಲಿ ಸಿಗುವುದೂ ಅನುಮಾನ. ಮಾಲೀಕತ್ವದ ಪತ್ರ ಸ್ವಚ್ಛವಾಗಿದೆ, ಬಾಗಿಲಿನ ಬಳಿಯ ಸಂಖ್ಯೆಯೂ ಪತ್ರದ ಸಂಖ್ಯೆಯೂ ಒಂದೇ. ರಸೀದಿಗಳನ್ನು ವರ್ಷವಾರು ಜೋಡಿಸಿಟ್ಟಿದ್ದಾರೆ, ಅದು ಮೆಚ್ಚತಕ್ಕ ಶಿಸ್ತು. ಆ ರಸೀದಿಗಳನ್ನು ಎರಡು ರಾಶಿ ಮಾಡಿ ನೋಡಿದೆವು: ಸಿನಿಮಾದ ಭಾಗಗಳಿಗೆ ಆದ ಖರ್ಚು ಸುಮಾರು 19,000 ಡಾಲರ್, ಕಾರಿನ ಯಂತ್ರ, ಬ್ರೇಕು, ಚೌಕಟ್ಟುಗಳಿಗೆ ಆದದ್ದು 3,000ಕ್ಕಿಂತ ಕಡಿಮೆ. ಜಾಹೀರಾತಿನ ‘ಮುಕ್ಕಾಲು ಪಾಲು’ ಎಂಬ ಮಾತು ಮೊದಲ ರಾಶಿಗೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ಈ ಎರಡು ಲೆಕ್ಕಗಳನ್ನು ಬೆರೆಸಿ ಬೆಲೆ ಹೇಳಿರುವುದೇ ಇಲ್ಲಿನ ಮುಖ್ಯ ದೋಷ ಎಂದು ನನ್ನ ಅಭಿಪ್ರಾಯ. ಮಾರುವವರು ಮೋಸಗಾರರಲ್ಲ. ಕೇಳಿದ ಪ್ರತಿ ಪ್ರಶ್ನೆಗೂ ನೇರವಾಗಿ ಉತ್ತರಿಸಿದರು, ತಟ್ಟಲು ಬಿಟ್ಟರು, ಬಿಚ್ಚಲು ಬಿಟ್ಟರು, ಮಧ್ಯಾಹ್ನ ಊಟವನ್ನೂ ಕೊಟ್ಟರು. ತಾವು ಪ್ರೀತಿಯಿಂದ ಮಾಡಿದ ಕೆಲಸ ಎದುರಿಗಿದ್ದಾಗ ಮಾಡದೆ ಉಳಿದದ್ದು ಅವರ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಕೊಳ್ಳುವವರಿಗಾದರೋ ಆ ಉಳಿದದ್ದೇ ಖರ್ಚು: ಮುಂಭಾಗದ ಚೌಕಟ್ಟಿನ ದುರಸ್ತಿ, ಬ್ರೇಕ್ ವ್ಯವಸ್ಥೆ, ಇಂಧನ ವ್ಯವಸ್ಥೆ, ಟಯರು, ಪೂರ್ತಿ ಹೊಸ ವೈರಿಂಗು. ನನ್ನ ಕಾರಿಗೆ ನಾನು ಕೊಟ್ಟಿರುವ ಬಿಲ್ಲುಗಳ ಆಧಾರದ ಮೇಲೆ ಇವು 20,000 ಡಾಲರಿಗೆ ಕಡಿಮೆಯಾಗಲಾರವು.

ಹೊರಡುವ ಮೊದಲು ಗೆಳೆಯರು 37,000 ಡಾಲರ್ ಹೇಳಿದರು, ಹೊಗೆ ಪ್ರಮಾಣಪತ್ರ ಬೇಕೆಂದೂ ಟ್ಯಾಂಕಿನ ಕೆಳತಟ್ಟೆ ಬಿಚ್ಚಿ ತೋರಿಸಬೇಕೆಂದೂ ಷರತ್ತಿಟ್ಟರು. ಮಾಲೀಕರು ಸ್ವಲ್ಪ ಹೊತ್ತು ಕಾರಿನ ಮೇಲೆ ಕೈಯಿಟ್ಟು ನಿಂತರು. ಬೆಲೆಗೆ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಮರುದಿನ ಜಾಹೀರಾತು ಬದಲಾಗಿತ್ತು: 41 ತೂತುಗಳ ಚಿತ್ರಗಳು, ಚಕ್ಕೆ ಎದ್ದ ಚೌಕಟ್ಟಿನ ಚಿತ್ರ, ಸಿನಿಮಾದ ಕೆಲಸಕ್ಕೂ ಕಾರಿನ ಕೆಲಸಕ್ಕೂ ಬೇರೆ ಬೇರೆ ಪಟ್ಟಿ, ಬೆಲೆಯ ಜಾಗದಲ್ಲಿ 46,000. ಮುಂದಿನ ಶನಿವಾರ ಕೆಳತಟ್ಟೆ ಬಿಚ್ಚಲು ನಾವಿಬ್ಬರೂ ಮತ್ತೆ ಹೋಗುತ್ತಿದ್ದೇವೆ, ಜಾಕ್ ಸ್ಟ್ಯಾಂಡುಗಳನ್ನು ನನ್ನ ಗ್ಯಾರೇಜಿನಿಂದಲೇ ಒಯ್ಯುತ್ತಿದ್ದೇನೆ.